ಅರ್ಚಕರಿಗೆ ಸಮನ್ಸ್, ಅರುಂಧತಿಗೆ ಡ್ರೋನ್

ಹಲಸೂರಿನ ಸೋಮೇಶ್ವರ ದೇವಸ್ಥಾನದಲ್ಲಿ ಇನ್ನು ಮದುವೆ ಮಾಡಿಸುವುದಿಲ್ಲವಂತೆ. ಕಾರಣ ನಿಮಗೆ ಗೊತ್ತೇ ಇದೆ. ಅಲ್ಲಿ ತಾಳಿ ಕಟ್ಟಿದವರು ಬೇರೆಯಾಗಲು ಕೋರ್ಟಿಗೆ ಹೋಗುತ್ತಾರೆ, ಕೋರ್ಟು ಸಾಕ್ಷಿ ಹೇಳಲು ಅರ್ಚಕರನ್ನು ಕರೆಯುತ್ತದೆ, ಅರ್ಚಕರು ಪೂಜೆ ಬಿಟ್ಟು ಕಟಕಟೆ ಹತ್ತುತ್ತಾರೆ. ಎಂಥ ಘನವಾದ ತೀರ್ಮಾನ! ವಿಚ್ಛೇದನವನ್ನು ಬೇರುಸಹಿತ ಕೀಳಬೇಕಾದರೆ ಮದುವೆಯನ್ನೇ ನಿಲ್ಲಿಸುವುದಕ್ಕಿಂತ ಖಚಿತವಾದ ದಾರಿ ಇನ್ನಾವುದಿದೆ? ನಮ್ಮ ಪಾಲಿಕೆಯವರೂ ಇದೇ ಸೂತ್ರ ಹಿಡಿದರೆ ರಸ್ತೆ ಹಾಕುವುದನ್ನು ನಿಲ್ಲಿಸಿ ಗುಂಡಿಗಳಿಂದ ಶಾಶ್ವತ ಮುಕ್ತಿ ಕೊಡಬಹುದು. ತೊಡಕು ಒಂದೇ. ಅದೇ ದೇವಸ್ಥಾನದ ಗೋಡೆಯ ಮೇಲೆ ಶಿಲ್ಪಿಗಳು ಗಿರಿಜಾ ಕಲ್ಯಾಣವನ್ನು ಕೆತ್ತಿಟ್ಟು ಹೋಗಿದ್ದಾರೆ. ಆ ದಂಪತಿ ಇಂದಿಗೂ ಒಟ್ಟಿಗೇ ಇರುವುದರಿಂದ ಸದ್ಯಕ್ಕೆ ಅದನ್ನು ಮುಚ್ಚುವ ಅಗತ್ಯ ಯಾರಿಗೂ ಕಂಡಿಲ್ಲ.

ಅರ್ಚಕರು ಕೋರ್ಟಿನಲ್ಲಿ ಹೇಳುವುದಾದರೂ ಏನನ್ನು ಎಂದು ಯೋಚಿಸುತ್ತೇನೆ.

"ತಾಳಿ ಕಟ್ಟಿದ್ದನ್ನು ಕಣ್ಣಾರೆ ಕಂಡಿರಾ, ಅರ್ಚಕರೇ?"

"ಇಲ್ಲ ಸ್ವಾಮಿ, ಮುಂದೆ ಫೋಟೋದವರು ನಿಂತಿದ್ದರು."

"ಹೋಗಲಿ, ಗಟ್ಟಿಮೇಳವಾದರೂ ಕೇಳಿಸಿತೇ?"

"ಮೂರು ಸಲ ಕೇಳಿಸಿತು. ಬೆಳಕು ಸರಿಯಾಗಿ ಬೀಳಲಿಲ್ಲವೆಂದು ಮೂರು ಸಲ ಕಟ್ಟಿಸಿದರು."

"ಅದರಲ್ಲಿ ಯಾವುದು ಮದುವೆ?"

"ಅದನ್ನು ವಿಡಿಯೋ ಎಡಿಟ್ ಮಾಡುವವರೇ ಹೇಳಬೇಕು ಸ್ವಾಮಿ."

ನಗಬೇಡಿ, ಈ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಗಿ ಬಂದಿದೆ. ಹಿಂದೂ ವಿವಾಹವೆಂದರೆ ಹಾಡಿ ಕುಣಿಯುವ, ತಿಂದು ಕುಡಿಯುವ ಸಮಾರಂಭವಲ್ಲ, ಶಾಸ್ತ್ರವೇ ನಡೆಯದಿದ್ದರೆ ಕೈಯಲ್ಲಿ ಪ್ರಮಾಣಪತ್ರವಿದ್ದರೂ ಅದು ಮದುವೆಯಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೇಳಿದ ಪೀಠದಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಸಪ್ತಪದಿಯ ಪದ್ಧತಿ ಇರುವಲ್ಲಿ ಏಳನೆಯ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ಣ. ಬೆಂಗಳೂರಿನ ಛತ್ರಗಳಲ್ಲಿ ಆ ಏಳನೆಯ ಹೆಜ್ಜೆ ಬೀಳುವ ಹೊತ್ತಿಗೆ ಮೊದಲ ಪಂಕ್ತಿಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುತ್ತಾರೆ, ಎರಡನೆಯ ಪಂಕ್ತಿಯವರು ಅವರ ಕುರ್ಚಿಯ ಹಿಂದೆ ನಿಂತಿರುತ್ತಾರೆ. ಸಾಕ್ಷಿಗೆ ಉಳಿಯುವವರು ಅಗ್ನಿ, ಪುರೋಹಿತರು ಮತ್ತು ಡ್ರೋನ್ ಹಾರಿಸುವ ಹುಡುಗ. ಅರುಂಧತಿ ನಕ್ಷತ್ರವನ್ನು ನಡುಹಗಲಿನಲ್ಲಿ ಛತ್ರದ ಸೂರಿನತ್ತ ಬೆರಳು ತೋರಿಸಿ ಕಾಣಿಸುವ ನಮ್ಮ ಪದ್ಧತಿಗೆ ಆ ಡ್ರೋನ್ ಒಂದು ಆಸರೆಯೇ ಆಗಿದೆ. ನವದಂಪತಿಗೆ ಮೇಲೆ ನೋಡಲು ಏನಾದರೂ ಇರುತ್ತದೆ.

ಈ ವಿಚಾರದಲ್ಲಿ ಕೊಡವರು ಜಾಣರು. ಅವರ ಮದುವೆಯಲ್ಲಿ ಪುರೋಹಿತರೇ ಇಲ್ಲ. ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ, ಅಷ್ಟೇ. ಸಮನ್ಸ್ ಕಳಿಸುವುದಾದರೆ ಇಡೀ ಒಕ್ಕಕ್ಕೇ, ಅಂದರೆ ಮನೆತನಕ್ಕೇ ಕಳಿಸಬೇಕು.

ಇನ್ನು ಉಡುಪು. ಮದುವೆಯ ಹಿಂದಿನ ದಿನ ಮನೆಮಂದಿಯೆಲ್ಲ ಒಂದೇ ಬಣ್ಣದ ಹಳದಿ ಬಟ್ಟೆ ತೊಡಬೇಕು, ರಾತ್ರಿ ಮಿಂಚುವ ಲೆಹೆಂಗಾದಲ್ಲಿ ಅತ್ತೆ, ನಾದಿನಿ, ಚಿಕ್ಕಮ್ಮ ಎಲ್ಲರೂ ಕಲಿತ ಕುಣಿತ ಕುಣಿಯಬೇಕು, ಆರತಕ್ಷತೆಗೆ ವರ ಜೋಧಪುರದ ರಾಜಕುಮಾರನಾಗಬೇಕು. ಇದೇನು ಎಂದು ಕೇಳಿದರೆ "ನಮ್ಮ ಸಂಪ್ರದಾಯ" ಎನ್ನುತ್ತಾರೆ. ಹೊಸಕೋಟೆಯ ಅಜ್ಜಿ ಮೂಲೆಯ ಸೋಫಾದಲ್ಲಿ ಕುಳಿತು, ತನ್ನ ಮನೆತನಕ್ಕೆ ಇಂಥ ಸಂಪ್ರದಾಯ ಇದ್ದದ್ದು ತನಗೊಬ್ಬಳಿಗೇ ತಿಳಿಯದೆ ಹೋಯಿತಲ್ಲ ಎಂದು ಕಣ್ಣರಳಿಸುತ್ತಾಳೆ. ಅವಳಿಗೆ ಗೊತ್ತಿರುವುದು ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಿಳಿಯ ಧಾರೆ ಸೀರೆ, ಹಣೆಗೆ ಬಾಸಿಂಗ, ಕೈಗೆ ಕಂಕಣ, ಹಸೆಯ ಮೇಲೆ ಕೂರಿಸಿ ಹಾಡುವ ಸೋಬಾನೆ. ಈ ಪೈಕಿ ಬಾಸಿಂಗ ಇನ್ನೂ ಉಳಿದಿದೆ. ಬ್ಯೂಟೀಷಿಯನ್ ಒಪ್ಪಿದರೆ ಐದು ನಿಮಿಷ ಕಟ್ಟಬಹುದು.

ಬಟ್ಟೆ ಬೇರೆ ಊರಿನಿಂದ ಬರಬಾರದೆಂದು ಹೇಳುವ ಪೈಕಿಯವನು ನಾನಲ್ಲ. ಬಂದದ್ದನ್ನೆಲ್ಲ ಉಟ್ಟುಕೊಂಡೇ ಬೆಳೆದ ಊರು ಇದು. ಮೈಸೂರು ಸೀಮೆಗೆ ರೇಷ್ಮೆಹುಳು ಸಾಕಣೆಯನ್ನು ತರಿಸಿದವನು ಟಿಪ್ಪು. 19ನೇ ಶತಮಾನದ ಕೊನೆಗೆ ಜಮಷೇಟ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ ಇಲ್ಲಿ ರೇಷ್ಮೆ ತೋಟ ಮಾಡಿದರು. ತೋಟ ಹೋಗಿ ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಶುರುವಾಯಿತು. ಕಬ್ಬನ್‌ಪೇಟೆಯ ಮಗ್ಗಗಳ ಸದ್ದು, ಚಿಕ್ಕಪೇಟೆಯ ಅಂಗಡಿಗಳಲ್ಲಿ ಜಮಖಾನದ ಮೇಲೆ ಕುಳಿತು ಸೀರೆ ಬಿಡಿಸಿ ತೋರಿಸುವವರ ತಾಳ್ಮೆ, ಇವೆಲ್ಲ ಸೇರಿ ಈ ಊರಿನ ಮದುಮಗಳನ್ನು ಸಿಂಗರಿಸಿದವು. ಅತ್ತ 1809ರಲ್ಲಿ ಎದ್ದ ದಂಡು ಪ್ರದೇಶದ ಇಗರ್ಜಿಗಳಲ್ಲಿ ಬಿಳಿ ಗೌನು. ಅದೂ ಅನಾದಿಕಾಲದ್ದೇನಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಗೆ ಬಿಳಿ ತೊಟ್ಟ ಮೇಲೆ ಅದು ಎಲ್ಲೆಡೆ ಹಬ್ಬಿದ ರೂಢಿ. ಆದರೆ ಅಲ್ಲಿ ರಾಣಿಯ ಹೆಸರು ಹೇಳುವ ಪ್ರಾಮಾಣಿಕತೆಯಿದೆ. ನಾವು ಹೋದ ವರ್ಷ ಮೊಬೈಲಿನಲ್ಲಿ ಕಂಡದ್ದನ್ನು ಈ ವರ್ಷ ವೇದಕಾಲಕ್ಕೆ ಒಯ್ದು ಕೂರಿಸುತ್ತೇವೆ.

ನಿಜವಾದ ಹಳೆಯ ಸಂಪ್ರದಾಯ ಬೇಕೆನ್ನುವವರು 1894ರ ಮೈಸೂರು ಕಾನೂನೊಂದನ್ನು ಲಗ್ನಪತ್ರಿಕೆಯ ಹಿಂಬದಿಗೆ ಅಚ್ಚು ಹಾಕಿಸಬಹುದು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಕಟ್ಟಿಕೊಳ್ಳಕೂಡದು ಎಂದು ಸಂಸ್ಥಾನ ಆಗ ಕಟ್ಟಳೆ ಮಾಡಿತು. ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಎಂಟು ವರ್ಷ! ಇಷ್ಟನ್ನು ಹೇಳುವುದಕ್ಕೂ ಒಂದು ಕಾನೂನು ಬೇಕಾಯಿತು. ಆ ಮಗುವಿಗೆ ಯಾವ ಸೀರೆ ಉಡಿಸಿದ್ದರು, ಎಷ್ಟು ನಿರಿಗೆ ಹಿಡಿದಿದ್ದರು ಎಂದು ಯಾವ ಡಿಸೈನರೂ ಹುಡುಕಿಕೊಂಡು ಹೋಗುವುದಿಲ್ಲ. ಅದಕ್ಕೆ ಮಾರುಕಟ್ಟೆಯಿಲ್ಲ.

ಮಾರುಕಟ್ಟೆ ಇರುವುದು ಮದುವೆಗೆ ಮುಂಚಿನ ಚಿತ್ರೀಕರಣಕ್ಕೆ. ಲಾಲ್‌ಬಾಗಿನ ಬಂಡೆ, ನಂದಿಬೆಟ್ಟದ ಮಂಜು ಎಲ್ಲ ಸವೆದುಹೋದ ಮೇಲೆ 2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ವೈದ್ಯರೊಬ್ಬರು ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗೇ ಭಾವೀ ಪತ್ನಿಯನ್ನು ಕರೆದುಕೊಂಡು ಹೋದರು. ಮೇಜಿನ ಮೇಲೆ ಒಬ್ಬ ನಕಲಿ ರೋಗಿ, ಸುತ್ತ ದೀಪ, ಎದುರಿಗೆ ಕ್ಯಾಮೆರಾ. ಕೆಲಸ ಹೋಯಿತು. ಆದರೂ ಹೊಸತನ ಒಪ್ಪಬೇಕು. ನಮ್ಮ ಸರ್ಕಾರಿ ಆಸ್ಪತ್ರೆಯ ಕೊಠಡಿಯೊಂದರಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಉರಿದವಲ್ಲ.

ಅರಮನೆ ಮೈದಾನದ ಕಥೆ ಎತ್ತಿದರೆ ಪುಟ ಸಾಲುವುದಿಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದಾಗಿ ಊರೆಲ್ಲ ಎಟಿಎಂ ಮುಂದೆ ಸಾಲು ನಿಂತಿದ್ದಾಗ ಬಳ್ಳಾರಿಯ ಗಣಿ ಧಣಿಗಳು ಅಲ್ಲಿ ವಿಜಯನಗರ ಸಾಮ್ರಾಜ್ಯವನ್ನು ಪ್ಲೈವುಡ್ಡಿನಲ್ಲಿ ಕಟ್ಟಿ ಮಗಳನ್ನು ಧಾರೆ ಎರೆದರು. ಲಗ್ನಪತ್ರಿಕೆಯ ಪೆಟ್ಟಿಗೆ ತೆರೆದರೆ ಪರದೆಯ ಮೇಲೆ ಇಡೀ ಕುಟುಂಬ ಹಾಡುತ್ತಿತ್ತು. ಅದಕ್ಕೆ ಸರಿಯಾಗಿ ಐವತ್ತು ವರ್ಷ ಹಿಂದೆ, 1966ರಲ್ಲಿ, ಕುವೆಂಪು ಅವರು ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿದ್ದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ಆಡಂಬರವಿಲ್ಲ. ಕನ್ನಡಿಗರು ಆ ಮದುವೆಯನ್ನು ಮನಸಾರೆ ಮೆಚ್ಚಿಕೊಂಡರು, ಈಗಲೂ ಮೆಚ್ಚುತ್ತಾರೆ, ಭಾಷಣದಲ್ಲಿ ಉದಾಹರಿಸುತ್ತಾರೆ, ಭಾಷಣ ಮುಗಿಸಿ ಛತ್ರಕ್ಕೆ ಮುಂಗಡ ಕೊಡಲು ಹೋಗುತ್ತಾರೆ.

ಗಂಡಿನ ಕಡೆಯವರು ಈಗ ವರದಕ್ಷಿಣೆ ಕೇಳುವುದಿಲ್ಲ. ಓದಿದವರು, ಸಭ್ಯರು. "ನಮಗೇನೂ ಬೇಡ, ದೇವರು ಕೊಟ್ಟಿದ್ದಾನೆ. ಇರುವವನು ಒಬ್ಬನೇ ಮಗ, ಮದುವೆಯೊಂದನ್ನು ಚೆನ್ನಾಗಿ ಮಾಡಿಕೊಡಿ ಸಾಕು" ಎನ್ನುತ್ತಾರೆ. ಆಮೇಲೆ ಫೋನುಗಳು ಬರತೊಡಗುತ್ತವೆ. ಹುಡುಗನ ಕಚೇರಿಯವರು ಬರುತ್ತಾರೆ, ಛತ್ರಕ್ಕೆ ಎಸಿ ಇರಲಿ. ನಮ್ಮ ಕಡೆಯವರಿಗೆ ಚಾಟ್ಸ್ ಕೌಂಟರ್ ಇಲ್ಲದಿದ್ದರೆ ಸರಿಹೋಗುವುದಿಲ್ಲ. ಕಾರು ನಾವೇನೂ ಕೇಳುತ್ತಿಲ್ಲ, ಮಗಳಿಗೆ ನೀವು ಪ್ರೀತಿಯಿಂದ ಕೊಡುವುದಾದರೆ ಬೇಡ ಎನ್ನಲು ನಾವು ಯಾರು? ಇಲ್ಲಿಗೆ ಬಂದಾಗ ನನಗೆ ತಮಾಷೆ ಮಾಡಲು ಆಗುವುದಿಲ್ಲ. ನಿವೃತ್ತಿಗೆ ನಾಲ್ಕು ವರ್ಷ ಉಳಿದಿರುವ ಮನುಷ್ಯ ಪಿಎಫ್ ತೆಗೆಯುತ್ತಾನೆ, ನಿವೇಶನದ ಪತ್ರ ಅಡವಿಡುತ್ತಾನೆ, ಸೂಟು ತೊಟ್ಟು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ "ಊಟ ಮಾಡಿಕೊಂಡೇ ಹೋಗಬೇಕು" ಎಂದು ನಗುತ್ತಾನೆ. ಅವನ ದುಡ್ಡಿನಲ್ಲಿ ಉಂಡು, ಪಲ್ಯಕ್ಕೆ ಉಪ್ಪು ಕಡಿಮೆಯಾಯಿತು ಎಂದು ಹೇಳಿಕೊಂಡು ಬರುವವರು ನಾವೆಲ್ಲರೂ. ಸಾಕಾಗಿದೆ.

1961ರಿಂದ ವರದಕ್ಷಿಣೆ ನಿಷೇಧವಿದೆ. ಮದುವೆಯಲ್ಲಿ ವಧುವಿಗೆ, ವರನಿಗೆ ಕೊಟ್ಟ ಉಡುಗೊರೆಗಳನ್ನೆಲ್ಲ ಪಟ್ಟಿ ಮಾಡಿ, ಬೆಲೆ ಬರೆದು, ಸಹಿ ಹಾಕಿ ಇಟ್ಟುಕೊಳ್ಳಬೇಕೆಂದು 1985ರ ನಿಯಮ ಹೇಳುತ್ತದೆ. ನಮಗೆ ಪಟ್ಟಿ ಮಾಡಲು ಬಾರದೆಂದಲ್ಲ. ಛತ್ರದ ಬಾಗಿಲಲ್ಲಿ ಸೋದರಮಾವ ನೋಟ್‌ಬುಕ್ ಹಿಡಿದು ಕುಳಿತಿರುತ್ತಾನೆ. ದೂರದ ನೆಂಟರ ನೂರಾಒಂದು ರೂಪಾಯಿ ಮುಯ್ಯಿಯೂ ಊರು, ಹೆಸರು, ಇನಿಷಿಯಲ್ ಸಮೇತ ಅದರಲ್ಲಿ ದಾಖಲಾಗುತ್ತದೆ. ಹೊರಗೆ ರಿಬ್ಬನ್ ಸುತ್ತಿಸಿಕೊಂಡು ನಿಂತ ಕಾರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.