ಫೆಲೋಶಿಪ್ ಯಾರ ಹೆಸರಿನಲ್ಲಿದೆ?

ಅಮೆರಿಕದ ವಿಶ್ವವಿದ್ಯಾಲಯವೊಂದರ ಭೌತಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಸೀಟು ಸಿಕ್ಕಾಗ ಬಂದದ್ದು ಎರಡು ಪುಟಗಳ ಪತ್ರ. ಬೋಧನಾ ಶುಲ್ಕ ಮನ್ನಾ, ಕೈಗೆ ಸ್ಟೈಪೆಂಡ್. ಅದಕ್ಕೆ ಪ್ರತಿಯಾಗಿ ವಾರಕ್ಕೆ 20 ಗಂಟೆ ಟೀಚಿಂಗ್ ಅಸಿಸ್ಟೆಂಟ್ ಕೆಲಸ. "ಇದಕ್ಕೆ ಯಾವ ಪರೀಕ್ಷೆ ಪಾಸು ಮಾಡಿದೆ?" ಎಂದು ಅಪ್ಪ ಕೇಳಿದರು. ಉತ್ತರ ಹೇಳಲು ತಡವರಿಸಿದೆ. ಅಂಕಪಟ್ಟಿ, ಮೂವರು ಅಧ್ಯಾಪಕರ ಶಿಫಾರಸು, ನಾನೇ ಬರೆದ ಒಂದೂವರೆ ಪುಟ. ಸಮಿತಿಗೆ ಹಿಡಿಸಿತು, ಅಷ್ಟೇ.

ನಮ್ಮಲ್ಲಿ ಅರ್ಹತೆ ಎಂದ ಕೂಡಲೇ ನೆನಪಾಗುವುದು ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ಸಿಎಸ್‌ಐಆರ್-ಯುಜಿಸಿ ನೆಟ್. ನಾನು ಎರಡು ಬಾರಿ ಬರೆದು ಎರಡೂ ಬಾರಿ ಸೋತವನು. ಹಾಗಾಗಿ ಮೂರು ಗಂಟೆಯ ಪರೀಕ್ಷೆಯೊಂದು ಐದು ವರ್ಷದ ಬದುಕನ್ನು ನಿರ್ಧರಿಸುವುದು ನನಗೆ ಸರಿಕಾಣುವುದಿಲ್ಲ ಎಂದರೆ ಹೊಟ್ಟೆಕಿಚ್ಚು ಎನ್ನಬಹುದು. ಆದರೆ ನನ್ನ ಎಂ.ಎಸ್ಸಿ. ಸಹಪಾಠಿಯೊಬ್ಬಳು ಆ ಪರೀಕ್ಷೆಯ ಮೂಲಕ ಕಿರಿಯ ಸಂಶೋಧನಾ ಫೆಲೋಶಿಪ್ ಆದ ಜೆಆರ್‌ಎಫ್ ಪಡೆದಾಗ ಕಂಡದ್ದನ್ನು ಮರೆಯಲಾರೆ. ಫೆಲೋಶಿಪ್ ಅವಳದೇ ಆಗಿತ್ತು. ಅದನ್ನು ಕೈಯಲ್ಲಿಟ್ಟುಕೊಂಡೇ ಮಾರ್ಗದರ್ಶಕರನ್ನು ಹುಡುಕಿಕೊಂಡಳು. 2023ರಿಂದ ಈ ಮೊತ್ತ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋ, ಅಂದರೆ ಎಸ್‌ಆರ್‌ಎಫ್ ಆದ ಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ನೆಟ್ ದಾಟದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದವನಿಗೆ ಯುಜಿಸಿಯ ನಾನ್-ನೆಟ್ ಫೆಲೋಶಿಪ್ ಎಂದು ಸಿಗುವುದು 8,000. ಕೆಲಸ ಒಂದೇ, ಪ್ರಯೋಗಾಲಯವೂ ಒಂದೇ.

ಇಲ್ಲಿ ಅಮೆರಿಕದಲ್ಲಿ ನನ್ನ ಹಣ ನನ್ನದಾಗಿರಲಿಲ್ಲ. ಎರಡನೇ ವರ್ಷ ಗೈಡ್ ತಮ್ಮ ಯೋಜನೆಯ ಹಣದಲ್ಲಿ ರಿಸರ್ಚ್ ಅಸಿಸ್ಟೆಂಟ್ ಮಾಡಿಕೊಂಡರು. ನಾಲ್ಕನೇ ವರ್ಷ ಆ ಯೋಜನೆ ಮುಗಿಯಿತು, ಅದರೊಂದಿಗೆ ಆ ಹಣವೂ. ನನ್ನ ಗ್ರೇಡ್ 4ಕ್ಕೆ 3.0ಕ್ಕಿಂತ ಮೇಲಿತ್ತು, ಪಿಎಚ್.ಡಿ.ಯ ನಡುವೆ ವಿಭಾಗವೇ ನಡೆಸುವ ಅರ್ಹತಾ ಪರೀಕ್ಷೆ ಮುಗಿದಿತ್ತು, ನಿಯಮದ ಪ್ರಕಾರ ಯಾವ ಕೊರತೆಯೂ ಇರಲಿಲ್ಲ. ಆದರೂ ಪ್ರಬಂಧ ಬರೆಯಬೇಕಾದ ಕಾಲದಲ್ಲಿ ಮತ್ತೆ ಪದವಿ ವಿದ್ಯಾರ್ಥಿಗಳ ಲ್ಯಾಬ್ ರೆಕಾರ್ಡ್ ತಿದ್ದುತ್ತ ಕುಳಿತೆ.

ವಿದ್ಯಾರ್ಥಿಯ ಹೆಸರಿಗೇ ಬರುವ ಫೆಲೋಶಿಪ್ ಇಲ್ಲೂ ಇದೆ. ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನದು ಮೂರು ವರ್ಷದ ನೆರವು, ವರ್ಷಕ್ಕೆ 37,000 ಡಾಲರ್. ಜೆಆರ್‌ಎಫ್‌ನ ಅಂಕಿಯೇ ಇಲ್ಲೂ ಬಂದಿರುವುದು ತಮಾಷೆ! ಆದರೆ ಅದು ಅಮೆರಿಕದ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ. ನನ್ನಂತೆ ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ಸಾಲವೂ ಇಲ್ಲ. ಅವರ ತೆರಿಗೆ ಹಣ, ಅವರ ನಿಯಮ; ಅದಕ್ಕೆ ನನ್ನ ತಕರಾರಿಲ್ಲ. ಆಯ್ಕೆ ಇಲ್ಲಿಯಂತೆ ನಡೆಯಲಿ, ಆಯ್ಕೆಯಾದ ಮೇಲೆ ಹಣ ಮಾತ್ರ ನಮ್ಮಲ್ಲಿಯಂತೆ ವಿದ್ಯಾರ್ಥಿಯ ಬೆನ್ನಿಗೇ ಇರಲಿ ಎಂಬುದಷ್ಟೇ ನನ್ನ ಆಸೆ.

ಮಾರ್ಚ್ ಬಂತೆಂದರೆ ಊರ ಕಡೆಯ ಹುಡುಗ ಹುಡುಗಿಯರು ಇಲ್ಲಿನ ಸೀಟಿನ ಪತ್ರ ಹಿಡಿದು ಫೋನ್ ಮಾಡುತ್ತಾರೆ. ಎಲ್ಲರಿಗೂ ಮೊದಲು ಬೇಕಾದದ್ದು ಸ್ಟೈಪೆಂಡ್ ಎಷ್ಟು ಎಂಬುದು. ಎಷ್ಟು ವರ್ಷಕ್ಕೆ ಖಾತರಿ, ಎಷ್ಟು ತಿಂಗಳಿಗೆ ಎಂದು ನಾನು ತಿರುಗಿ ಕೇಳುತ್ತೇನೆ. ಸೀಟು ಒಪ್ಪುತ್ತೀರೋ ಇಲ್ಲವೋ ಎಂಬ ಉತ್ತರಕ್ಕೆ ಬಹಳಷ್ಟು ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಕಾಲ ಕೊಡುತ್ತವೆ, ಅವಸರ ಬೇಡ ಎನ್ನುತ್ತೇನೆ. ಮೊನ್ನೆ ಒಬ್ಬಳು ಪತ್ರ ತೆರೆದು, "ಅಣ್ಣಾ, ಒಂಬತ್ತು ತಿಂಗಳು ಎಂದಿದೆ" ಎಂದಳು. ಬೇಸಿಗೆಯ ಮೂರು ತಿಂಗಳ ಬಗ್ಗೆ ವಿಭಾಗಕ್ಕೆ ಇಮೇಲ್ ಕಳುಹಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.