ಸತ್ಯಾಂಶ: ‘ಜೆಜೂನ್’ ಪದಕ್ಕೂ ಎಳೆ ವಯಸ್ಸಿಗೂ ಏನು ಸಂಬಂಧ?

‘ಜೆಜೂನ್’ ಅನ್ನೋ ಇಂಗ್ಲಿಷ್ ಪದಕ್ಕೆ ಬಾಲಿಶ ಅಂತ ಅರ್ಥ, ಅದು ಫ್ರೆಂಚ್‌ನ ‘ಝನ್’ ಅಂದರೆ ‘ಎಳೆಯ’ ಅನ್ನೋದರಿಂದ ಬಂತು ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಅರ್ಥ ಸರಿ, ಹುಟ್ಟಿನ ಕಥೆ ತಪ್ಪು.

ಮೂಲ ಲ್ಯಾಟಿನ್ನಿನ ‘ಜೆಜೂನಸ್’. ಹಾಗಂದರೆ ಉಪವಾಸ ಇರುವ, ಖಾಲಿ ಹೊಟ್ಟೆಯ. ನಮ್ಮ ಸಣ್ಣ ಕರುಳಿನ ನಡುವಿನ ಭಾಗಕ್ಕೆ ಜೆಜೂನಮ್ ಅಂತಾರಲ್ಲ, ಅದೂ ಇದೇ ಪದ: ಹೆಣ ಕೊಯ್ದು ನೋಡಿದಾಗ ಆ ಭಾಗ ಸಾಮಾನ್ಯವಾಗಿ ಖಾಲಿ ಸಿಗುತ್ತಿತ್ತು, ಅದಕ್ಕೇ ಆ ಹೆಸರು. 17ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ಬಂದಾಗ ಹಸಿದ, ಆಮೇಲೆ ಸತ್ವವಿಲ್ಲದ, ಸಪ್ಪೆ ಅನ್ನೋ ಅರ್ಥ ಇತ್ತು. ಸಪ್ಪೆ ಬರಹ, ಸಪ್ಪೆ ಭಾಷಣ, ಹೀಗೆ.

ಫ್ರೆಂಚ್ ‘ಝನ್’ ಬೇರೆ ಮನೆತನದ್ದು. ಅದರ ಮೂಲ ಲ್ಯಾಟಿನ್ ‘ಯುವೆನಿಸ್’, ನಮ್ಮ ‘ಯುವ’ದ ದೂರದ ನೆಂಟ. ಗೊಂದಲಕ್ಕೆ ಕಾರಣವೂ ಇದೆ ಅನ್ನಿ, ಫ್ರೆಂಚ್‌ನಲ್ಲಿ ಉಪವಾಸಕ್ಕೂ ಹೆಚ್ಚುಕಡಿಮೆ ಇದೇ ಕಾಗುಣಿತ, ಒಂದಕ್ಷರದ ಮೇಲೆ ಪುಟ್ಟ ಟೋಪಿ ಜಾಸ್ತಿ ಅಷ್ಟೇ!

ತಮಾಷೆ ಏನಂದರೆ, ಜನ ಹೀಗೆ ತಪ್ಪು ತಿಳಿದು ಬಳಸಿ ಬಳಸಿಯೇ ‘ಬಾಲಿಶ’ ಅನ್ನೋ ಅರ್ಥ ಗಟ್ಟಿಯಾಯಿತು ಅಂತಾರೆ. ಈಗ ಅದು ನಿಘಂಟುಗಳಲ್ಲೂ ಇದೆ. ಹಾಗಾಗಿ ಆ ಅರ್ಥದಲ್ಲಿ ಧಾರಾಳವಾಗಿ ಬಳಸಿ.