ಇಣುಕಿ ನೋಡುವ ಚಟ

ಗಿಡ ಬೆಳೆಸುವುದು ತಾಳ್ಮೆ ಕಲಿಸುತ್ತದೆ ಅಂತ ಹೇಳುವವರು ಮನೆಯಲ್ಲಿ ಅಡಿಕೆ ಮೊಳಕೆ ಬರಿಸಿ ನೋಡಿದ ಹಾಗಿಲ್ಲ. ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಬೆಳಗಾಗುವಷ್ಟರಲ್ಲಿ ಬಾಲ ಬಿಟ್ಟಿರುತ್ತದೆ. ಮೆಂತ್ಯ ಮೂರ್ನಾಲ್ಕು ದಿನಕ್ಕೆ ತಲೆ ಎತ್ತುತ್ತದೆ. ಅಡಿಕೆ ಮಾತ್ರ ಒಂದೂವರೆ ತಿಂಗಳು, ಮನಸ್ಸು ಬಂದರೆ ಮೂರು ತಿಂಗಳು, ಸುಮ್ನೆ ಬಿದ್ದಿರುತ್ತದೆ. ಅಷ್ಟು ದಿನದಲ್ಲಿ ನನಗಂತೂ ತಾಳ್ಮೆ ಬರಲಿಲ್ಲ. ಇಣುಕಿ ನೋಡುವ ಚಟ ಬಂತು.

ನಮ್ಮ ಮಲೆನಾಡಿನ ಕಡೆ ಇದಕ್ಕೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಒಳ್ಳೆ ಫಸಲು ಕೊಡುವ ಮರ ನೋಡಿ ಗೊನೆ ಇಳಿಸುತ್ತಾರೆ. ತೂಕದ ಹಣ್ಣಡಿಕೆ ಆರಿಸಿ, ಸಿಪ್ಪೆ ಸುಲಿಯದೆ, ತೊಟ್ಟು ಮೇಲಾಗಿ ಮರಳಿನಲ್ಲಿ ಊರುತ್ತಾರೆ. ಮೇಲೆ ಮುಚ್ಚುವಷ್ಟು ಮರಳು, ಸ್ವಲ್ಪ ನೆರಳು, ನೀರು. ಮುಗೀತು. ಬೀಜ ಆರಿಸುವುದಕ್ಕೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನವರು ಹೇಳುವ ಒಂದು ಉಪಾಯ ನನಗೆ ಬಹಳ ಇಷ್ಟ. ಹಣ್ಣಡಿಕೆಯನ್ನು ನೀರಿಗೆ ಹಾಕಬೇಕು. ಕೆಲವು ಅಡ್ಡಡ್ಡ ಮಲಗಿ ತೇಲುತ್ತವೆ, ಕೆಲವು ತೊಟ್ಟು ಮೇಲೆ ಮಾಡಿ ನೆಟ್ಟಗೆ ನಿಲ್ಲುತ್ತವೆ. ನೆಟ್ಟಗೆ ನಿಂತವು ಗಟ್ಟಿ ಸಸಿ ಕೊಡುತ್ತವೆ. ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತು ಅಡಿಕೆಗಳ ಇಂಟರ್ವ್ಯೂ ಮಾಡುವ ಈ ಕೆಲಸ ಒಮ್ಮೆಯಾದರೂ ಮಾಡಿ ನೋಡಬೇಕು.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಮರಳೂ ಇಲ್ಲ, ತೋಟವೂ ಇಲ್ಲ. ಇಲ್ಲಿರುವುದು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮತ್ತು ಜಿಪ್ ಇರುವ ಪ್ಲಾಸ್ಟಿಕ್ ಕವರ್. ಕೋಕೋಪೀಟನ್ನು ನೀರಲ್ಲಿ ನೆನೆಸಿ, ಮುಷ್ಟಿಯಲ್ಲಿ ಹಿಂಡಿದರೆ ಇನ್ನು ಹನಿ ಬೀಳಬಾರದು ಅನ್ನುವಷ್ಟು ಹಿಂಡಿ, ಅದರೊಳಗೆ ಬೀಜ ಹುದುಗಿಸಿ ಜಿಪ್ ಎಳೆದುಬಿಡುವುದು. ಆಮೇಲೆ ನೀರಿನ ಚಿಂತೆಯಿಲ್ಲ. ಬೇಕಾಗಿರುವುದು ಬೆಚ್ಚಗಿನ ಜಾಗ. ಅಡಿಕೆ, ತೆಂಗು, ಖರ್ಜೂರ, ತಾಳೆ ಜಾತಿಯ ಈ ಮರಗಳೆಲ್ಲ ಸೆಕೆ ಊರಿನ ಜೀವಗಳು. 25ರಿಂದ 35 ಡಿಗ್ರಿ ಇದ್ದರೆ ಖುಷಿ. ಡಿಸೆಂಬರಿನ ಬೆಂಗಳೂರು ಇವಕ್ಕೆ ಕಾಶ್ಮೀರ. ಊರಲ್ಲಾಗಿದ್ದರೆ ಬಚ್ಚಲ ಒಲೆಯ ಪಕ್ಕ ಇಡಬಹುದಿತ್ತು. ಇಲ್ಲಿ ನಮ್ಮ ಯುಪಿಎಸ್ ಡಬ್ಬಿಯ ಮೇಲೆ ಇಟ್ಟಿದ್ದೇನೆ. ಕರೆಂಟ್ ಹೋದರೆ ಬೇರೆಯವರು ಬೈದುಕೊಳ್ಳುತ್ತಾರೆ, ನಾನು ಬೀಜಕ್ಕೆ ಶಾಖ ಸಿಕ್ಕಿತು ಅಂದುಕೊಳ್ಳುತ್ತೇನೆ.

ಈ ಕವರಿನ ದೊಡ್ಡ ಗುಣ ಅಂದರೆ ಅದು ಪಾರದರ್ಶಕ. ಮಣ್ಣಿನ ಕುಂಡವಾದರೆ ಕೆದಕಿ ನೋಡಬೇಕು, ಕೆದಕಿದರೆ ಎಳೆ ಬೇರು ಮುರಿಯುತ್ತದೆ. ಕವರನ್ನು ಎತ್ತಿ ಬೆಳಕಿಗೆ ಹಿಡಿದರೆ ಸಾಕು. ಕಾಫಿ ಲೋಟ ಒಂದು ಕೈಯಲ್ಲಿ, ಕವರ್ ಇನ್ನೊಂದು ಕೈಯಲ್ಲಿ. ಅಪ್ಪ ಫೋನಿನಲ್ಲಿ ನಗುತ್ತಾರೆ. "ದಿನಾ ಎಂತ ನೋಡ್ತೀ ಮಾರಾಯ್ತಿ? ಅದರಷ್ಟಕ್ಕೆ ಅದು ಬರ್ತದೆ, ಬಿಡು." ಅವರಿಗೇನು, ತೋಟದಲ್ಲಿ ನೋಡುವುದಕ್ಕೆ ಬೇರೆ ಬೇಕಾದಷ್ಟು ಇದೆ.

ಇಷ್ಟೆಲ್ಲ ಕಾಯಿಸುವ ಅಡಿಕೆಗೆ ತಾನು ಕಾಯಲು ಮಾತ್ರ ಬರುವುದಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ. ಭತ್ತವನ್ನೋ ರಾಗಿಯನ್ನೋ ಒಣಗಿಸಿ ಮುಂದಿನ ವರ್ಷಕ್ಕೆ ಬೀಜ ಅಂತ ಎತ್ತಿಡಬಹುದು. ಅಡಿಕೆ ಒಣಗಿತೋ, ಎಲೆ ಸುಣ್ಣದ ಜೊತೆಗೆ ಬಾಯಿಗೆ ಹಾಕಿಕೊಳ್ಳಬಹುದು ಅಷ್ಟೇ. ಒಳಗಿನ ತೇವ ಹೋದರೆ ಜೀವವೂ ಹೋಯಿತು. ಮಳೆಯ ಸೀಮೆಯ ಮರ, ಬಿದ್ದ ಕಡೆ ಯಾವಾಗಲೂ ಹಸಿ ಇದ್ದೇ ಇರುತ್ತದೆ ಅನ್ನುವ ಧೈರ್ಯ ಅದಕ್ಕೆ. ಒಣಗಿ ಬದುಕುವ ವಿದ್ಯೆಯನ್ನೇ ಕಲಿತಿಲ್ಲ. ಹಾಗಾಗಿ ಹಣ್ಣು ಕೈಗೆ ಸಿಕ್ಕ ಕೂಡಲೇ ನಾವು ಓಡಾಡಬೇಕು. ಆಮೇಲೆ ಅದು ತಿಂಗಳುಗಟ್ಟಲೆ ಮಲಗುತ್ತದೆ.

ಅಡಿಕೆಯ ನೆಂಟ, ಕಾಡಿನ ಬೈನೆ ಮರದ ಬೀಜದ ಸಹವಾಸಕ್ಕೆ ಹೋಗುವವರಿಗೆ ಒಂದು ಮಾತು. ಆನೆಗಳಿಗೆ ಬೈನೆ ಸೊಪ್ಪು ಅಂದರೆ ಪ್ರಾಣ, ಮರ ನೋಡುವುದಕ್ಕೂ ಚಂದ. ಆದರೆ ಆ ಕೆಂಪು ಹಣ್ಣಿನ ತಿರುಳನ್ನು ಬರಿಗೈಯಲ್ಲಿ ಹಿಸುಕಬೇಡಿ. ತಿರುಳಿನಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿವೆ. ಚರ್ಮಕ್ಕೆ ತಾಗಿದರೆ ಉರಿ, ತುರಿಕೆ. ಬೆಕ್ಕಿನಂತೆ ಕಾಣುವ ಪುನುಗು ಅದನ್ನೇ ಆರಾಮಾಗಿ ತಿಂದು ಬೀಜವನ್ನು ಕಾಡೆಲ್ಲ ಬಿತ್ತುತ್ತದೆ. ಅದರ ಬಾಯಿಗೆ ಏನೂ ಆಗುವುದಿಲ್ಲವೇ ಅನ್ನುವುದು ನನ್ನ ಹಳೇ ಪ್ರಶ್ನೆ.

ತೆಂಗು ಎಷ್ಟೋ ವಾಸಿ. ಯಾರೂ ಕೇಳದೆಯೂ ಮೊಳೆಯುತ್ತದೆ. ಅಟ್ಟದ ಮೇಲೆ ಮರೆತ ಕಾಯಿ, ಪೂಜೆಯ ಕಲಶದ ಕಾಯಿ, ಎಲ್ಲಿ ಬೇಕಾದರೂ. ಕಲಶದ ಕಾಯಿ ಮೊಳೆತರೆ ಶುಭ ಅಂತ ನಮ್ಮತ್ತೆ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸುತ್ತಾರೆ. ಅದರ ಮೂರು ಕಣ್ಣಲ್ಲಿ ಎರಡು ಗಟ್ಟಿ, ಒಂದು ಮೆತ್ತಗೆ. ಮೊಳಕೆ ಆ ಮೆತ್ತನೆ ಕಣ್ಣಿಂದಲೇ ಬರುತ್ತದೆ. ಹೊರಗೆ ಹಸಿರು ಚಿಗುರು ಕಾಣುವಾಗ ಒಳಗೆ ಬೇರೆಯೇ ಕಥೆ ನಡೆದಿರುತ್ತದೆ. ಒಡೆದು ನೋಡಿದರೆ ಕಾಯಿಯ ನಡುವೆ ತಿಳಿ ಹಳದಿ ಬಣ್ಣದ, ಸ್ಪಂಜಿನಂತೆ ಹಗುರವಾದ ಉಂಡೆ. ಎಳನೀರು ಹೀರಿ, ಕೊಬ್ಬರಿ ಕರಗಿಸಿಕೊಂಡು ಸಸಿಗೆ ಸಾಗಿಸುವುದು ಇದೇ. ರಸ್ತೆ ಬದಿಯಲ್ಲಿ ತೆಂಗಿನ ಹೂವು ಅಂತ ಮಾರುವುದೂ ಇದನ್ನೇ. ರುಚಿ ಸಿಹಿ, ಜೊತೆಗೊಂದು ಚೂರು ಉಪ್ಪು. ನೆಡಬೇಕೋ ತಿನ್ನಬೇಕೋ ಅನ್ನುವ ಪ್ರಶ್ನೆ ಬಂದಾಗ ನಮ್ಮ ಮನೆಯಲ್ಲಿ ತಿನ್ನುವ ಪಕ್ಷಕ್ಕೆ ಬಹುಮತ ಜಾಸ್ತಿ.

ಅಡಿಕೆಯ ಸಿಟ್ಟನ್ನು ನಾನು ತೀರಿಸಿಕೊಂಡಿದ್ದು ಖರ್ಜೂರದಲ್ಲಿ. ಅದು ಮರಳುಗಾಡಿನದು, ಒಣಗಿಯೂ ಕಾಯುತ್ತದೆ. ಎಷ್ಟು ಅಂದರೆ, ಇಸ್ರೇಲಿನ ಮಸಾಡ ಕೋಟೆಯ ಉತ್ಖನನದಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಬೀಜವೊಂದನ್ನು ಎಲೇನ್ ಸೊಲೊವೆ ಎಂಬ ವಿಜ್ಞಾನಿ 2005ರಲ್ಲಿ ನೆಟ್ಟರು, ಅದು ಮೊಳೆಯಿತು. ನಮಗೆ ಅಷ್ಟು ಹಳೆಯದು ಬೇಡ. ಅಂಗಡಿಯಿಂದ ತಂದ ಹಣ್ಣು ತಿಂದು, ಬೀಜ ತೊಳೆದು ಒಂದೆರಡು ದಿನ ನೆನೆಸಿ, ಒದ್ದೆ ಟಿಶ್ಯೂ ಸುತ್ತಿ ಡಬ್ಬಿಯಲ್ಲಿಟ್ಟರೆ ಸಾಕು. ಬೀಜದ ಒಂದು ಮೈಯಲ್ಲಿ ಉದ್ದಕ್ಕೆ ಸೀಳು ಇರುತ್ತದೆ, ಬೆನ್ನಿನ ಕಡೆ ಸಾಸಿವೆಯಷ್ಟು ಚಿಕ್ಕ ಗುಂಡನೆ ಗುರುತು. ಕೆಲವು ವಾರಕ್ಕೆ ಆ ಗುರುತಿನಿಂದ ಬಿಳಿ ಬಾಲವೊಂದು ಹೊರಬರುತ್ತದೆ. ನೋಡಿದವರೆಲ್ಲ ಬೇರು ಅನ್ನುತ್ತಾರೆ. ಅಸಲಿಗೆ ಇಡೀ ಸಸಿ ಆ ಬಾಲದ ತುದಿಯಲ್ಲಿ ಕೂತು ಕೆಳಗೆ ಇಳಿಯುತ್ತಿರುತ್ತದೆ. ಬೇರು ತುದಿಯಿಂದ ಹೊರಡುತ್ತದೆ, ಎಲೆ ಬಾಲದ ಪಕ್ಕ ಸೀಳಿಕೊಂಡು ಮೇಲೆ ಬರುತ್ತದೆ. ಬೀಜ ಒಂದು ಕಡೆ, ಎಲೆ ಇನ್ನೊಂದು ಕಡೆ. ತಾಳೆ ಮರದ ಬೀಜವೂ ಹೀಗೇ, ಇನ್ನೂ ಆಳಕ್ಕೆ ಇಳಿಯುತ್ತದೆ. ತಮಿಳುನಾಡಿನಲ್ಲಿ ಆ ಇಳಿದ ಮೊಳಕೆಯನ್ನೇ ಅಗೆದು ಬೇಯಿಸಿ ಪೊಂಗಲ್ ಹೊತ್ತಿಗೆ ತಿನ್ನುತ್ತಾರೆ.

ಖರ್ಜೂರದ ಸಸಿ ಒಂದನ್ನು ಎದುರು ಮನೆ ಆಂಟಿಗೆ ಕೊಟ್ಟೆ. ಬಾಲ್ಕನಿಯಲ್ಲಿ ಎಷ್ಟಂತ ಇಟ್ಟುಕೊಳ್ಳುವುದು?

"ಹಣ್ಣು ಯಾವಾಗ ಬಿಡುತ್ತಮ್ಮಾ?"

"ನೆಲಕ್ಕೆ ಹಾಕಿದ್ರೆ ಐದಾರು ವರ್ಷ ಆಗ್ಬಹುದು ಆಂಟಿ. ಅದೂ ಹೆಣ್ಣಾದ್ರೆ. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೂ ಬಿಡೋವರೆಗೆ ನೋಡಿದ್ರೆ ಗೊತ್ತಾಗಲ್ಲ."

ಆಂಟಿ ಸಸಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಇಸ್ರೇಲಿನ ಆ 2000 ವರ್ಷದ್ದು ಗಂಡಾಯಿತು ಅನ್ನುವುದನ್ನು ನಾನು ಹೇಳಲಿಲ್ಲ. ಮಾರನೇ ದಿನ ಬೆಳಗ್ಗೆ ಬೆಲ್ ಆಯಿತು. ಆಂಟಿ ಕೈಯಲ್ಲಿ ಖಾಲಿ ಕುಂಡ.

"ಇನ್ನೊಂದು ಕೊಡು. ಜೋಡಿಯಾದ್ರೂ ಆಗ್ಲಿ."